ಕರ್ರಾ ದುಡ್ಡಿನ ಮೇಣದಬತ್ತಿ ಕಂಬಗಳು: ಒಂದು ಪ್ರಕರಣ

ಹರಾಜಿಗೆ ಬರುವ ಹಳೆ ಬೆಳ್ಳಿ ಸಾಮಾನನ್ನು ನೋಡಿ, ಅಳೆದು, ತೂಗಿ, ಕ್ಯಾಟಲಾಗಿಗೆ ನಾಲ್ಕು ಸಾಲು ಬರೆಯುವುದು ಡಬ್ಲಿನ್‌ನಲ್ಲಿ ನನ್ನ ಕೆಲಸ. ನಾಲ್ಕೇ ಸಾಲು. ಆದರೆ ಆ ನಾಲ್ಕು ಸಾಲಿನಲ್ಲಿ ಯಾವ ಪದ ಇರಬೇಕು, ಯಾವುದು ಇರಬಾರದು ಅನ್ನುವುದಕ್ಕೆ ಕೆಲವೊಮ್ಮೆ ಮೂರು ವಾರ ಹಿಡಿಯುತ್ತದೆ. ಇದು ಅಂಥ ಒಂದು ಪ್ರಕರಣ. ಮನೆಯವರ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಐರ್ಲೆಂಡಿನ ಪಶ್ಚಿಮದ ಕ್ಲೇರ್ ಕೌಂಟಿಯ ಒಬ್ಬ ಅಜ್ಜಿ ತಮ್ಮನ ಮಗನ ಜೊತೆ ಬಂದರು. ಎಂಬತ್ತು ದಾಟಿದ ವಯಸ್ಸು, ಮಾತು ಮಾತ್ರ ಚುರುಕು. ಹಳೆ ಟವೆಲ್‌ನಲ್ಲಿ ಸುತ್ತಿದ ಎರಡು ಬೆಳ್ಳಿ ಮೇಣದಬತ್ತಿ ಕಂಬಗಳನ್ನು ಮೇಜಿನ ಮೇಲಿಟ್ಟರು. ಒಂದೊಂದೂ ಹತ್ತೊಂಬತ್ತು ಸೆಂಟಿಮೀಟರ್ ಎತ್ತರ. ಚೌಕ ಪಾದ, ಮೂಲೆಗಳಲ್ಲಿ ಚಿಪ್ಪಿನ ಆಕಾರ, ನಡುವೆ ಗಂಟುಗಂಟಾದ ಕಾಂಡ. ಅಜ್ಜಿಗೆ ಮನೆಯ ಛಾವಣಿ ರಿಪೇರಿ ಮಾಡಿಸಬೇಕಿತ್ತು. ಅಷ್ಟೇ ವಿಷಯ.

ಹುಡುಗನಿಗೆ ಅಷ್ಟೇ ಆಗಿರಲಿಲ್ಲ. ಹುಡುಗ ಅಂದರೆ ನಲವತ್ತರವನು. ಅವನು ಒಂದು ಫೈಲನ್ನೇ ತಂದಿದ್ದ. ಕಂಬದ ಪಾದದ ಮೇಲೆ ಕತ್ತಿ ಹಿಡಿದ ಒಂದು ಕೈ ಕೆತ್ತಿದೆ. ಕ್ಲೇರ್ ಕೌಂಟಿಯದೇ ಡ್ರೊಮೊಲ್ಯಾಂಡ್ ಅರಮನೆಯ ಒಬ್ರಿಯನ್ ಮನೆತನದ ಚಿಹ್ನೆಯೂ ಕತ್ತಿ ಹಿಡಿದ ಕೈ. ಆ ಮನೆತನದ ಸರ್ ಎಡ್ವರ್ಡ್ ಒಬ್ರಿಯನ್ ಕುದುರೆ ರೇಸಿನ ಹುಚ್ಚ. ತಮ್ಮ ಮನೆಯಲ್ಲೂ ‘ಇದು ರೇಸಿನಿಂದ ಬಂದದ್ದು’ ಅಂತ ತಲೆತಲಾಂತರದಿಂದ ಹೇಳುತ್ತಾರೆ. ಅಂದಮೇಲೆ ಇದು ಸರ್ ಎಡ್ವರ್ಡ್ ಕುದುರೆ ಗೆದ್ದ ಬಹುಮಾನ. ಲೆಕ್ಕ ಸರಿಹೋಯಿತು ಅಲ್ವಾ?

ನೋಡಿದರೆ ಸರಿಹೋಗುವ ಹಾಗೇ ಇತ್ತು. ಸರ್ ಎಡ್ವರ್ಡ್ ಸಾಮಾನ್ಯ ಆಸಾಮಿಯಲ್ಲ. 1705ರಲ್ಲಿ ಹುಟ್ಟಿ 1765ರಲ್ಲಿ ತೀರಿಕೊಂಡವನು. ಕ್ಲಾನ್‌ಟಾರ್ಫ್ ಯುದ್ಧದಲ್ಲಿ 1014ರಲ್ಲಿ ಸತ್ತ ರಾಜ ಬ್ರಿಯಾನ್ ಬೊರು ಇವರ ಮೂಲಪುರುಷ. ತನ್ನ ಕುದುರೆಗಳು ಓಡುವುದನ್ನು ಕೂತು ನೋಡುವುದಕ್ಕೆಂದೇ ಸರ್ ಎಡ್ವರ್ಡ್ ಗುಡ್ಡದ ಮೇಲೆ ಒಂದು ಗೋಪುರ ಕಟ್ಟಿಸಿದ. ಅದು ಈಗಲೂ ಇದೆ. ಪಕ್ಕದ ಊರಿಗೆ ನ್ಯೂಮಾರ್ಕೆಟ್ ಅಂತ ಹೆಸರು ಬಂದದ್ದೂ ಇಂಗ್ಲೆಂಡಿನ ರೇಸಿನ ಊರಿನಿಂದಲೇ ಅಂತ ಅಲ್ಲಿಯ ಜನ ಹೇಳುತ್ತಾರೆ. ಇನ್ನು ಆ ಕಡೆ ಎಲ್ಲರ ಬಾಯಲ್ಲೂ ಇರುವ ಕಥೆ ಅಂದರೆ ಶಾನ್ ಬ್ವೀ ಎಂಬ ಕುದುರೆಯದು. ಐರಿಷ್ ಭಾಷೆಯಲ್ಲಿ ‘ಹಳದಿ ಜಾನ್’ ಅಂತ ಅರ್ಥ. ಸರ್ ಎಡ್ವರ್ಡ್ ಇಡೀ ಡ್ರೊಮೊಲ್ಯಾಂಡ್ ಆಸ್ತಿಯನ್ನು ಆ ಒಂದು ಕುದುರೆಯ ಮೇಲೆ ಪಣ ಇಟ್ಟನಂತೆ. ಕುದುರೆ ಗೆದ್ದಿತಂತೆ. ಸತ್ತ ಮೇಲೆ ತೋಟದ ಮಂಟಪದ ಕೆಳಗೆ ಹೂಳಿದರಂತೆ. ಆ ಅರಮನೆ ಈಗ ದೊಡ್ಡ ಹೋಟೆಲ್. ಮದುವೆಗೆ ಬಂದವರು ಆ ಮಂಟಪದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಇಂಥ ಕಥೆ ಒಂದು ಜೊತೆ ಕಂಬಕ್ಕೆ ಅಂಟಿಕೊಂಡರೆ ಬೆಲೆ ಎಲ್ಲಿಗೋ ಹೋಗುತ್ತದೆ. ಹುಡುಗನಿಗೂ ಅದು ಗೊತ್ತಿತ್ತು. ನನಗೆ ಕಥೆ ಇಷ್ಟವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಈ ಕೆಲಸದಲ್ಲಿ ಒಂದು ಅಭ್ಯಾಸ ಬೆಳೆಸಿಕೊಂಡಿದ್ದೇನೆ. ಮೊದಲು ಕಂಬವನ್ನು ತಲೆಕೆಳಗು ಮಾಡಿ ನೋಡುವುದು, ಆಮೇಲೆ ಕಥೆ ಕೇಳುವುದು. ಅವತ್ತು ಕಥೆ ಮೊದಲು ಬಂದುಬಿಟ್ಟಿತ್ತು.

ಪಾದದ ಕೆಳಗೆ

ನಮ್ಮಲ್ಲಿ ಚಿನ್ನ ಬೆಳ್ಳಿಗೆ ಬಿಐಎಸ್ ತ್ರಿಕೋನ ನೋಡಿ ಕೊಳ್ಳುವುದು ಇತ್ತೀಚಿನ ರೂಢಿ. ಡಬ್ಲಿನ್ ಅಕ್ಕಸಾಲಿಗರ ಸಂಘಕ್ಕೆ ರಾಜನ ಸನ್ನದು ಸಿಕ್ಕಿದ್ದು 1637ರಲ್ಲಿ. ಆಗಿನಿಂದ ಇಲ್ಲಿ ಬೆಳ್ಳಿಗೆ ಕಿರೀಟ ಹೊತ್ತ ಹಾರ್ಪ್ ವಾದ್ಯದ ಮುದ್ರೆ ಬೀಳುತ್ತಿದೆ. ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿ ಅನ್ನುವುದಕ್ಕೆ ಅದು ಖಾತರಿ. 1730ರಲ್ಲಿ ಬೆಳ್ಳಿಯ ಮೇಲೆ ಔನ್ಸಿಗೆ ಆರು ಪೆನ್ಸ್ ತೆರಿಗೆ ಹಾಕಿದರು. ತೆರಿಗೆ ಕಟ್ಟಿದ ಗುರುತಿಗೆ ಕುಳಿತ ಹೆಂಗಸಿನ ಮುದ್ರೆ ಸೇರಿಸಿದರು. ಅವಳೇ ಹಿಬರ್ನಿಯಾ. ನಮ್ಮ ಭಾರತಮಾತೆ ಇದ್ದ ಹಾಗೆ ಐರ್ಲೆಂಡಿನ ಹೆಣ್ಣುರೂಪ. 1807ರಿಂದ ರಾಜನ ತಲೆಯ ಮುದ್ರೆಯೂ ಬಂತು.

ಈ ಕಂಬಗಳ ಕೆಳಗೆ ಹಾರ್ಪ್ ಇದೆ. ಹಿಬರ್ನಿಯಾ ಇದ್ದಾಳೆ. ರಾಜನ ತಲೆ ಇಲ್ಲ. ಅಂದರೆ 1730ರ ನಂತರ, 1807ಕ್ಕೆ ಮೊದಲು. ವರ್ಷ ಹೇಳುವ ಅಕ್ಷರವೂ ಇರಬೇಕಿತ್ತು, ಇಲ್ಲ. ಅದರಲ್ಲಿ ಗಾಬರಿಪಡುವಂಥದ್ದೇನಿಲ್ಲ. ಹದಿನೆಂಟನೇ ಶತಮಾನದ ನಡುಭಾಗದ ಡಬ್ಲಿನ್ ಬೆಳ್ಳಿಯಲ್ಲಿ ಆ ಅಕ್ಷರ ಹಾಕದೆ ಬಿಟ್ಟದ್ದು ಎಷ್ಟೋ ಇದೆ. ಮಾಡಿದವನ ಮುದ್ರೆ ಸವೆದಿತ್ತು. ಮೊದಲ ಅಕ್ಷರ ಆರ್. ಎರಡನೆಯದು ಸಿ ಇರಬಹುದು, ಜಿ ಇರಬಹುದು. ಸಿ ಆದರೆ ರಾಬರ್ಟ್ ಕಾಲ್ಡರ್‌ವುಡ್, ಆ ಕಾಲದ ಡಬ್ಲಿನ್‌ನ ದೊಡ್ಡ ಕೈ. ಭೂತಗನ್ನಡಿ ಹಿಡಿದು ಅರ್ಧ ಗಂಟೆ ಕೂತೆ. ಸಿ ಅಂತ ಆಸೆಪಟ್ಟಾಗ ಸಿ ಕಾಣುತ್ತಿತ್ತು. ಅಂಥ ಸಂದರ್ಭದಲ್ಲಿ ಭೂತಗನ್ನಡಿ ಕೆಳಗಿಡುವುದೇ ಒಳ್ಳೆಯದು.

ಒಂದು ಸಂಶಯ ಬೇಗ ತೀರಿತು. ಹಳೆ ಕಂಬವನ್ನೇ ಅಚ್ಚು ಮಾಡಿ ಹೊಸದನ್ನು ಎರಕ ಹೊಯ್ದು ಮಾರುವ ಕಳ್ಳರಿದ್ದಾರೆ. ಹಾಗೆ ಮಾಡಿದಾಗ ಮುದ್ರೆಯೂ ಎರಕದಲ್ಲೇ ಬಂದುಬಿಡುತ್ತದೆ. ಆಗ ಎರಡೂ ಕಂಬದಲ್ಲಿ ಮುದ್ರೆ ಒಂದೇ ಜಾಗದಲ್ಲಿ, ಒಂದೇ ಓರೆಯಲ್ಲಿ ಕೂತಿರುತ್ತದೆ. ಇಲ್ಲಿ ಒಂದು ಕಂಬದಲ್ಲಿ ಹಿಬರ್ನಿಯಾ ನೆಟ್ಟಗೆ ಕೂತಿದ್ದಾಳೆ, ಇನ್ನೊಂದರಲ್ಲಿ ಮುಗ್ಗರಿಸಿ ಬೀಳುವ ಹಾಗಿದ್ದಾಳೆ. ಯಾರೋ ಒಬ್ಬ ಮನುಷ್ಯ ಕೈಯಲ್ಲಿ ಸುತ್ತಿಗೆ ಹಿಡಿದು ಒಂದೊಂದಾಗಿ ಹೊಡೆದದ್ದು. ಕಾಂಡದ ಉದ್ದಕ್ಕೂ ಕೂದಲಿನಷ್ಟು ತೆಳ್ಳಗೆ ಬೆಸುಗೆಯ ಗೆರೆಯೂ ಇತ್ತು. ಕಾಂಡವನ್ನು ಎರಡು ಹೋಳಾಗಿ ಎರಕ ಹೊಯ್ದು ಕೂಡಿಸುತ್ತಿದ್ದದ್ದು ಹಾಗೇ. 1773ರಲ್ಲಿ ಶೆಫೀಲ್ಡ್‌ನಲ್ಲಿ ಬೆಳ್ಳಿ ಪರೀಕ್ಷಿಸಿ ಮುದ್ರೆ ಹಾಕುವ ಕಚೇರಿ ಶುರುವಾದ ಮೇಲೆ ತೆಳು ತಗಡಿನಲ್ಲಿ ಅಚ್ಚೊತ್ತಿ, ಒಳಗೆ ರಾಳ ತುಂಬಿದ ಅಗ್ಗದ ಕಂಬಗಳು ರಾಶಿಗಟ್ಟಲೆ ಬಂದವು. ನಮ್ಮ ಕಡೆ ಅರಗು ತುಂಬಿದ ಒಡವೆ ಇರುತ್ತದಲ್ಲ, ಅದೇ ಲೆಕ್ಕ. ಇವು ಆ ಥರದವಲ್ಲ. ಎತ್ತಿದರೆ ಕೈಗೆ ಭಾರ ಗೊತ್ತಾಗುತ್ತದೆ.

ಇನ್ನೊಂದು ಮೂಲೆಯಲ್ಲಿ ಸೂಜಿಯಲ್ಲಿ ಗೀರಿದ ಹಾಗೆ 34, ಪಕ್ಕದಲ್ಲಿ 12 ಅಂತಿತ್ತು. ಮಾಡಿದ ದಿನ ಜೊತೆಯ ಒಟ್ಟು ತೂಕ. 34 ಔನ್ಸ್ 12 ಪೆನಿವೆಯ್ಟ್. ಇಪ್ಪತ್ತು ಪೆನಿವೆಯ್ಟ್‌ಗೆ ಒಂದು ಔನ್ಸ್, ಒಂದು ಔನ್ಸ್‌ಗೆ 31.1 ಗ್ರಾಂ. ಲೆಕ್ಕ ಹಾಕಿದರೆ 1,076 ಗ್ರಾಂ. ಆ ಕಾಲದ ತೆರಿಗೆಯಲ್ಲಿ ಇದಕ್ಕೆ ಹದಿನೇಳು ಶಿಲಿಂಗ್ ಚಿಲ್ಲರೆ ಬಿದ್ದಿರಬೇಕು. ನಾನು ತೂಗಿದಾಗ 1,046 ಬಂತು. ಬತ್ತಿ ಸಿಕ್ಕಿಸುವ ಗುಂಡಿಯ ತಳದಲ್ಲಿ ಹಳೆ ಮೇಣ ಗಟ್ಟಿಯಾಗಿ ಕೂತಿತ್ತು. ಮರದ ಕಡ್ಡಿಯಲ್ಲಿ ಕೆರೆದು ಒಂದು ಕಾಗದಕ್ಕೆ ಹಾಕಿಟ್ಟು ಮತ್ತೆ ತೂಗಿದೆ. 1,041.

ಮೂವತ್ತೈದು ಗ್ರಾಂ ಎಲ್ಲಿ ಹೋಯಿತು? ತಿಕ್ಕಿ ತಿಕ್ಕಿ ಸವೆದಿದ್ದು ಒಂದು ಪಾಲು. ನಮ್ಮಮ್ಮ ಹಬ್ಬದ ಹಿಂದಿನ ದಿನ ವಿಭೂತಿ ಹಾಕಿ ತಿಕ್ಕುತ್ತಿದ್ದ ಬೆಳ್ಳಿ ದೀಪದಲ್ಲಿ ಲಕ್ಷ್ಮಿಯ ಮೂಗೇ ಉಳಿದಿಲ್ಲ. ಇನ್ನೊಂದು ಪಾಲು ಮಾತ್ರ ಬೇರೆ ಕಡೆ ಹೋಗಿತ್ತು.

ಉಸಿರು ಬಿಟ್ಟಾಗ ಕಂಡದ್ದು

ಕತ್ತಿ ಹಿಡಿದ ಕೈ ಕೆತ್ತಿದ ಜಾಗದ ಮೇಲೆ ಹೆಬ್ಬೆರಳು ಆಡಿಸಿದೆ. ತುಸು ತಗ್ಗು. ಮುಖ ಹತ್ತಿರ ತಂದು ‘ಹಾ’ ಅಂತ ಉಸಿರು ಬಿಟ್ಟೆ. ಕನ್ನಡಕ ಒರೆಸುವಾಗ ಮಾಡುತ್ತೇವಲ್ಲ, ಹಾಗೆ. ಮಂಜು ಕವಿದು ಆರುವ ಎರಡು ಕ್ಷಣದಲ್ಲಿ ಕೈಯ ಸುತ್ತ ಇನ್ನೊಂದು ಚಿತ್ರದ ನೆರಳು ಕಂಡಿತು. ಎಡಕ್ಕೆ ಒಂದು ಸುರುಳಿ, ಬಲಕ್ಕೆ ಎಲೆಯಂಥದ್ದು, ನಡುವೆ ಗುರಾಣಿಯ ಅಂಚು. ಎಡಬಲ ಒಂದೇ ಥರ ಇಲ್ಲದ ಇಂಥ ಬಳ್ಳಿಚೌಕಟ್ಟು 1740-60ರ ಆಸುಪಾಸಿನ ಫ್ಯಾಷನ್. ಅಂದರೆ ಮೊದಲ ಯಜಮಾನನ ಲಾಂಛನ ಇಲ್ಲಿ ಇತ್ತು. ಯಾರೋ ಅದನ್ನು ಉಜ್ಜಿ ಅಳಿಸಿ, ಅದರ ಮೇಲೆ ಕೈ ಕೆತ್ತಿಸಿದ್ದಾರೆ.

ಎರಡೂ ಒಂದೇ ಕಾಲದ್ದಲ್ಲ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ. ಪಾದದ ಚಿಪ್ಪುಗಳು, ಮುದ್ರೆಗಳು ಎಲ್ಲ ಸವೆದು ನುಣುಪಾಗಿವೆ. ಕೈಯ ಗೆರೆಗಳು ಮಾತ್ರ ಉಗುರಿಗೆ ಚುಚ್ಚುವಷ್ಟು ಚೂಪು. ಆ ಕೆತ್ತನೆಯ ವಯಸ್ಸು ಕಂಬದ ವಯಸ್ಸಿಗಿಂತ ತುಂಬಾ ಕಡಿಮೆ. ಹತ್ತೊಂಬತ್ತನೇ ಶತಮಾನದ್ದು.

ಇಲ್ಲಿಗೇ ಸರ್ ಎಡ್ವರ್ಡ್ ಅರ್ಧ ಹೊರಗೆ ಹೋದ. ಉಳಿದರ್ಧ ಆ ಕೈಯೇ ಹೊರಗೆ ಹಾಕಿತು. ಒಬ್ರಿಯನ್ ಮನೆತನದ ಚಿಹ್ನೆಯಲ್ಲಿ ಕತ್ತಿ ಬೀಸುವ ಕೈ ಮೋಡದಿಂದ ಹೊರಬರುತ್ತದೆ. ಕೈ ಬರಿಗೈ, ಮೇಲೆ ಬಟ್ಟೆಯಿಲ್ಲ, ಕವಚ ಇಲ್ಲ. ನಮ್ಮ ಕಂಬದ ಮೇಲಿನದು ಮೊಣಕೈಯಿಂದ ಮಣಿಕಟ್ಟಿನವರೆಗೆ ಉಕ್ಕಿನ ಕವಚ ತೊಟ್ಟ ಕೈ. ಒಂದೊಂದು ಪಟ್ಟಿಯನ್ನೂ ಕೆತ್ತಿದವನು ಬಿಡದೆ ತೋರಿಸಿದ್ದಾನೆ. ಮೋಡ ಇಲ್ಲವೇ ಇಲ್ಲ. ಕೆಳಗೆ ಹುರಿಮಾಡಿದ ಬಟ್ಟೆಯ ಸಿಂಬೆ. ಕವಚದ ಕೈಯಲ್ಲಿ ಕತ್ತಿ ಹಿಡಿದ ಚಿಹ್ನೆ ಐರ್ಲೆಂಡ್, ಸ್ಕಾಟ್ಲೆಂಡ್, ಇಂಗ್ಲೆಂಡ್ ಸೇರಿದರೆ ಹತ್ತಾರು ಮನೆತನಕ್ಕಿದೆ. ಪಕ್ಕದಲ್ಲಿ ಧ್ಯೇಯವಾಕ್ಯ ಇದ್ದಿದ್ದರೆ ಹುಡುಕಬಹುದಿತ್ತು. ಪದವಿಯ ಕಿರೀಟ ಇದ್ದಿದ್ದರೆ ಇನ್ನೂ ಸುಲಭ. ಎರಡೂ ಇಲ್ಲ. ಸುಮ್ನೆ ಒಂದು ಕೈ.

ಇದನ್ನು ಹುಡುಗನಿಗೆ ಫೋನಿನಲ್ಲಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೋಡ ಕೆತ್ತುವುದಕ್ಕೆ ಜಾಗ ಸಾಲದೆ ಬಿಟ್ಟಿರಬಹುದಲ್ವಾ?’ ಅಂದ. ಜಾಗ ಬೇಕಾದಷ್ಟಿತ್ತು.

ಬಹುಮಾನ ಅಂದರೆ ಏನು

ಇನ್ನು ‘ರೇಸಿನಲ್ಲಿ ಗೆದ್ದದ್ದು’ ಅನ್ನುವ ಮಾತು. ಇದನ್ನು ತಳ್ಳಿಹಾಕುವ ಮುಂಚೆ ಯೋಚಿಸಬೇಕು. ರೇಸಿಗೂ ಬೆಳ್ಳಿಗೂ ನಂಟು ಗಟ್ಟಿಯಾದದ್ದೇ. ಇಂಗ್ಲಿಷಿನಲ್ಲಿ ಎಷ್ಟೋ ಓಟಗಳ ಹೆಸರೇ ‘ಪ್ಲೇಟ್’. ಇಲ್ಲಿ ಪ್ಲೇಟ್ ಅಂದರೆ ಊಟದ ತಟ್ಟೆಯಲ್ಲ, ಬೆಳ್ಳಿ ಸಾಮಾನು. ಕರ್ರಾ ಮೈದಾನದಲ್ಲಿ ರಾಜನ ಪ್ಲೇಟ್‌ಗಳು ಓಡುತ್ತಿದ್ದವು. ಕರ್ರಾ ಅಂದರೆ ಕಿಲ್ಡೇರ್ ಕೌಂಟಿಯ ದೊಡ್ಡ ಹುಲ್ಲುಬಯಲು, ಐರ್ಲೆಂಡಿನ ರೇಸಿನ ತವರು. ಟರ್ಫ್ ಕ್ಲಬ್ ಹುಟ್ಟಿದ್ದು ಅಲ್ಲಿ, 1790ರಲ್ಲಿ. ಐರಿಷ್ ಡರ್ಬಿ 1866ರಿಂದ ಓಡುವುದೂ ಅಲ್ಲಿಯೇ. ಬಹುಮಾನ ಅಂದರೆ ಬಟ್ಟಲೇ ಆಗಬೇಕು ಅಂತೇನೂ ಇರಲಿಲ್ಲ. 1730ರ ದಶಕದಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ರಾಜನ ಬಹುಮಾನವಾಗಿ ಚಿನ್ನದ ಟೀ ಪಾಟ್ ಕೊಟ್ಟಿದ್ದಾರೆ. ಅಂದಮೇಲೆ ಮೇಣದಬತ್ತಿ ಕಂಬ ಯಾಕಾಗಬಾರದು?

ಆಗಬಹುದು. ಆದರೆ ಬಹುಮಾನ ಗೆದ್ದವನು ಬಾಯಿ ಮುಚ್ಚಿಕೊಂಡಿರುವುದಿಲ್ಲ. ಯಾವ ಊರು, ಯಾವ ವರ್ಷ, ಯಾವ ಕುದುರೆ ಅಂತ ಕೊರೆಸುತ್ತಾನೆ. ಗೃಹಪ್ರವೇಶಕ್ಕೆ ಬಂದ ಸ್ಟೀಲ್ ಕೊಳಗದ ಮೇಲೂ ಕೊಟ್ಟವರ ಇನಿಷಿಯಲ್ಲು, ತಾರೀಕು ಇರುತ್ತದೆ ಅಂದಮೇಲೆ, ಕುದುರೆ ಗೆದ್ದ ಜಮೀನ್ದಾರ ಬಿಡುತ್ತಾನಾ? ಅಳಿಸಿಹೋದ ಜಾಗದಲ್ಲಿ ಅಂಥ ಬರಹ ಇತ್ತೇನೋ ಅಂತ ಟಾರ್ಚ್ ಅಡ್ಡಲಾಗಿ ಹಿಡಿದು, ಉಸಿರು ಬಿಟ್ಟು ಬಿಟ್ಟು ನೋಡಿದೆ. ಸುರುಳಿ, ಎಲೆ, ಗುರಾಣಿ. ಒಂದು ಅಕ್ಷರವೂ ಇಲ್ಲ.

ನಿಜ ಹೇಳಬೇಕೆಂದರೆ ಆ ಕಾಲದ ದೊಡ್ಡವರ ರೇಸಿನ ದುಡ್ಡು ಬೆಳ್ಳಿಯಲ್ಲಿ ಇರಲಿಲ್ಲ, ಬಾಜಿಯಲ್ಲಿತ್ತು. ಬಾಜಿ ಕಟ್ಟುತ್ತಿದ್ದದ್ದು ರಾತ್ರಿ ಇಸ್ಪೀಟು ಮೇಜಿನ ಸುತ್ತ. ಆ ಮೇಜುಗಳ ನಾಲ್ಕು ಮೂಲೆ ದುಂಡಗೆ ಚಾಚಿಕೊಂಡಿರುತ್ತಿದ್ದವು, ಒಂದೊಂದು ಮೂಲೆಗೆ ಇಂಥ ಒಂದೊಂದು ಕಂಬ. 1751ರಲ್ಲಿ ಕರ್ರಾದಲ್ಲಿ ಸರ್ ರಾಲ್ಫ್ ಗೋರ್ ಮತ್ತು ಸ್ಕಾಟ್ಲೆಂಡಿನ ಮಾರ್ಚ್ ಪ್ರಭುವಿನ ಕುದುರೆಗಳ ನಡುವೆ ಒಂದು ದೊಡ್ಡ ಬಾಜಿ ಓಟ ನಡೆಯಿತು. ಗೋರ್‌ನ ಕುದುರೆಯ ಹೆಸರು ‘ಬ್ಲ್ಯಾಕ್ ಆ್ಯಂಡ್ ಆಲ್ ಬ್ಲ್ಯಾಕ್’, ಪ್ರಭುವಿನದು ಬಜಾಜೆಟ್. ಗೋರ್‌ನ ಕುದುರೆ ಗೆದ್ದಿತು. ಪ್ರಭುವಿನ ಸವಾರ ದಾರಿಯಲ್ಲಿ ಓಟದ ನಿಯಮದಂತೆ ಹೊರಬೇಕಿದ್ದ ಸೀಸದ ತೂಕವನ್ನು ಗುಟ್ಟಾಗಿ ಕೆಳಗೆ ಹಾಕಿ ಸಿಕ್ಕಿಬಿದ್ದ ಅಂತ ಕಥೆ. ಗೋರ್ ದ್ವಂದ್ವಕ್ಕೆ ಕರೆದನಂತೆ. ಬರುವಾಗ ಒಂದು ಶವಪೆಟ್ಟಿಗೆ ಹೊರಿಸಿಕೊಂಡು ಬಂದನಂತೆ, ಮೇಲೆ ಪ್ರಭುವಿನ ಹೆಸರು, ಅವತ್ತಿನ ತಾರೀಕು. ಪ್ರಭು ಕ್ಷಮೆ ಕೇಳಿ ತಪ್ಪಿಸಿಕೊಂಡನಂತೆ. ಹೆಸರು ತಾರೀಕು ಕೊರೆಸುವ ಚಟದ ಬಗ್ಗೆ ಹೇಳಿದೆನಲ್ಲ.

ಕಂಬದೊಳಗಿನ ಚೀಟಿ

ಪ್ರಕರಣ ಇಲ್ಲಿಗೆ ಮುಗಿಯಬೇಕಿತ್ತು. ಕಂಬ ವಾಪಸ್ ಕೊಡುವಾಗ ಅಜ್ಜಿ ಕೈಚೀಲದಿಂದ ಒಂದು ಚೀಟಿ ತೆಗೆದರು. ‘ಇದು ಒಂದು ಕಂಬದ ಒಳಗೆ ತುರುಕಿತ್ತು. ಅಕ್ಷರ ಸರಿಯಾಗಿ ಕಾಣಲ್ಲ, ಅದಕ್ಕೇ ತೋರಿಸಲಿಲ್ಲ’ ಅಂದರು. ಮೊದಲ ದಿನವೇ ಕೇಳದಿದ್ದದ್ದು ನನ್ನ ತಪ್ಪು. ‘ಇದರ ಜೊತೆ ಏನಾದರೂ ಕಾಗದ ಇದೆಯಾ’ ಅನ್ನುವುದು ಈ ಕೆಲಸದ ಮೊದಲ ಪ್ರಶ್ನೆ. ಕುದುರೆ ಕಥೆಯ ಗುಂಗಿನಲ್ಲಿ ಮರೆತಿದ್ದೆ.

ಅಂಗೈಯಗಲದ ಚೀಟಿ. ಒಂದು ಅಂಗಡಿ ಬಿಲ್ಲಿನ ಹಿಂಬದಿ. ಬಿಲ್ಲಿನಲ್ಲಿ ವರ್ಷದ ಜಾಗದಲ್ಲಿ 188 ಅಂತ ಅಚ್ಚಾಗಿ, ಕೊನೆಯ ಅಂಕೆಗೆ ಖಾಲಿ ಬಿಟ್ಟಿತ್ತು. ಆಗಿನ ಬಿಲ್ಲು ಪುಸ್ತಕಗಳು ಹಾಗೇ, ದಶಕ ಅಚ್ಚು ಹಾಕಿ ವರ್ಷ ಕೈಯಲ್ಲಿ ತುಂಬುವುದು. ಅಂದರೆ 1880ರ ದಶಕದ ಕಾಗದ. ಹಿಂದೆ ಕಂದಿದ ಶಾಯಿಯಲ್ಲಿ ಎರಡು ಸಾಲು: ಕರ್ರಾ ದುಡ್ಡಿನಲ್ಲಿ ತಂದದ್ದು. ಮಾರಬಾರದು.

ಗೆದ್ದದ್ದು ಅಂತ ಇಲ್ಲ. ತಂದದ್ದು.

ಅಕ್ಷರ ಯಾರದ್ದು ಅಂತ ಅಜ್ಜಿಗೆ ಗೊತ್ತಿತ್ತು. ಅವರ ಅಜ್ಜನ ತಾಯಿ. ಆಕೆಯ ಗಂಡ ಜಮೀನ್ದಾರನಲ್ಲ, ಪದವಿಯೂ ಇಲ್ಲ, ಮನೆಗೆ ಲಾಂಛನವೂ ಇಲ್ಲ. ಕುದುರೆ ಪಳಗಿಸಿ ಮಾರುತ್ತಿದ್ದವನು. ಅವನೇ ಸಾಕಿದ ಕುದುರೆ ಗೆದ್ದಿತೋ, ಬಾಜಿ ಹೊಡೆಯಿತೋ, ಅಲ್ಲಿ ಕುದುರೆಗೆ ಒಳ್ಳೆ ಗಿರಾಕಿ ಸಿಕ್ಕಿದನೋ, ಚೀಟಿ ಹೇಳುವುದಿಲ್ಲ. ಕೈಯಲ್ಲಿ ದುಡ್ಡು ಬಂತು. ಅವನು ಯಾರದೋ ಹಳೆ ಬೆಳ್ಳಿ ಕೊಂಡು ತಂದ.

ಆಗ ಹಳೆ ಬೆಳ್ಳಿಗೆ ಬರ ಇರಲಿಲ್ಲ. 1840ರ ದಶಕದ ದೊಡ್ಡ ಬರಗಾಲದ ಹೊಡೆತ ಬಿದ್ದ ಮೇಲೆ 1849ರಲ್ಲಿ ಸಾಲದಲ್ಲಿ ಮುಳುಗಿದ ಜಮೀನುಗಳನ್ನು ಮಾರಿಸುವುದಕ್ಕೆಂದೇ ಕಾಯ್ದೆ ತಂದರು. ದೊಡ್ಡ ದೊಡ್ಡ ಮನೆಗಳು ಕೈಬದಲಾದವು, ಒಳಗಿನ ಸಾಮಾನೂ ಹರಾಜಿಗೆ ಬಂತು. 1879ರ ಹೊತ್ತಿಗೆ ಗೇಣಿದಾರರ ಹೋರಾಟ ಶುರುವಾಗಿ ಗೇಣಿ ಬರುವುದೂ ಕಷ್ಟವಾಯಿತು. ಗುರಾಣಿಯವನು ಮೊದಲ ಯಜಮಾನ. ಕವಚದ ಕೈಯವನು ಎರಡನೆಯವನೋ ಮೂರನೆಯವನೋ. ಅವನ ಮನೆಯಿಂದ ಯಾವುದೋ ದಾರಿಯಲ್ಲಿ ಇವು ಕುದುರೆ ಪಳಗಿಸುವವನ ಮನೆಗೆ ಬಂದವು. ಅವನಿಗೆ ಆ ಕೈಯನ್ನು ಅಳಿಸಬೇಕು ಅನ್ನಿಸಲಿಲ್ಲ, ತನ್ನದೇನಾದರೂ ಕೊರೆಸಬೇಕು ಅಂತಲೂ ಅನ್ನಿಸಲಿಲ್ಲ. ಆಮೇಲೆ ನಾಲ್ಕು ತಲೆಮಾರಿನಲ್ಲಿ ಕವಚದ ಕೈ ಮತ್ತು ಕರ್ರಾ ದುಡ್ಡು ಎರಡೂ ಸೇರಿ ಸರ್ ಎಡ್ವರ್ಡ್‌ನ ಕುದುರೆ ಆಯಿತು. ಶ್ರೀಮಂತರ ಗುರುತೂ ನಿಜ, ರೇಸೂ ನಿಜ. ಶ್ರೀಮಂತನಿಗೂ ರೇಸಿಗೂ ಮಾತ್ರ ಸಂಬಂಧ ಇರಲಿಲ್ಲ.

ಹುಡುಗ ಕೊನೆಗೊಂದು ಪ್ರಯತ್ನ ಮಾಡಿದ. ‘ಒಬ್ರಿಯನ್ ಹೆಸರಿನ ಹಿಂದೆ ಬಹುಶಃ ಅಂತ ಒಂದು ಪದ ಹಾಕಿದರೆ ಆಯ್ತಲ್ಲ?’ ಕ್ಯಾಟಲಾಗುಗಳಲ್ಲಿ ‘ಬಹುಶಃ’ ಅನ್ನುವ ಪದ ದುಡಿದಷ್ಟು ಇನ್ಯಾವುದೂ ದುಡಿಯುವುದಿಲ್ಲ. ಇಲ್ಲಿ ಬೇಡ ಅಂದೆ. ಮೋಡ ಇಲ್ಲದ ಕೈಗೆ ಬಹುಶಃ ಹೊಂದುವುದಿಲ್ಲ. ಅವನಿಗೆ ನನ್ನ ಮೇಲೆ ಈಗಲೂ ಸಿಟ್ಟಿದೆ ಅಂತ ಕಾಣುತ್ತದೆ.

ಬರೆದ ನಾಲ್ಕು ಸಾಲು ಇಷ್ಟು: ಒಂದು ಜೊತೆ ಎರಕದ ಬೆಳ್ಳಿ ಮೇಣದಬತ್ತಿ ಕಂಬ, ಡಬ್ಲಿನ್, ಸುಮಾರು 1750, ಮಾಡಿದವನ ಮುದ್ರೆ ಸವೆದಿದೆ, ವರ್ಷದ ಅಕ್ಷರ ಇಲ್ಲ. ಮೊದಲಿನ ಲಾಂಛನ ಅಳಿಸಿ, ನಂತರದ ಕಾಲದ ಕವಚದ ಕೈಯ ಚಿಹ್ನೆ ಕೆತ್ತಿದೆ. ಕೆಳಗೆ 34 12 ಎಂದು ಗೀರಿದೆ, ಈಗಿನ ತೂಕ 1,041 ಗ್ರಾಂ. ಕ್ಲೇರ್ ಕೌಂಟಿಯ ಒಂದು ಕುಟುಂಬದಲ್ಲಿ 1880ರ ದಶಕದಿಂದ; ಅದೇ ಕಾಲದ ಕೈಬರಹದ ಚೀಟಿಯ ಪ್ರತಿ ಜೊತೆಗಿದೆ.

ಪ್ರತಿ ಅಂತ ಹಾಕಿದ್ದು ಯಾಕೆಂದರೆ ಅಸಲು ಚೀಟಿಯನ್ನು ಅಜ್ಜಿ ಕೊಡಲಿಲ್ಲ. ‘ಮಾರಬಾರದು ಅಂತ ಬರೆದಿದ್ದಾರಲ್ಲ’ ಅಂದೆ, ತಮಾಷೆಗೆ. ‘ಬರೆದವರು ಈಗಿನ ನನ್ನ ಛಾವಣಿ ನೋಡಿಲ್ಲ’ ಅಂದರು.

ಮೇಣ ಕೆರೆದು ಇಟ್ಟ ಪೊಟ್ಟಣವೂ ಮೇಜಿನ ಮೇಲಿತ್ತು. ಎಸೆಯಲಾ ಅಂತ ಕೇಳಿದೆ. ಬಿಚ್ಚಿ ನೋಡಿದರು. ಹಳ್ಳಿಗಳಿಗೆ ಕರೆಂಟ್ ಎಳೆಯುವ ಕೆಲಸ ಇಲ್ಲಿ 1946ರಲ್ಲಿ ಶುರುವಾಯಿತು. ಅವರ ಮನೆಗೆ ಬಂದಾಗ ಇವರು ಚಿಕ್ಕ ಹುಡುಗಿ. ಕಂಬಗಳು ಬೀರು ಸೇರಿದವು. ಆಮೇಲೆ ಒಂದೇ ಒಂದು ಸಲ ಹಚ್ಚಿದ್ದು, ಬಿರುಗಾಳಿಗೆ ಲೈಟ್ ಕಂಬ ಉರುಳಿ ಮೂರು ದಿನ ಕರೆಂಟ್ ಹೋದಾಗ. ತಂಗಿಗೆ ಜ್ವರ. ಅಡುಗೆಮನೆಯಲ್ಲಿ ಬೇರೆ ಬತ್ತಿ ಸ್ಟ್ಯಾಂಡ್ ಸಿಗದೆ ಅಮ್ಮ ಇವನ್ನೇ ತೆಗೆದು ಮಂಚದ ಪಕ್ಕ ಇಟ್ಟಿದ್ದರು. ಎಡಗಡೆಯ ಕಂಬ ಸ್ವಲ್ಪ ಅಲ್ಲಾಡುತ್ತಿತ್ತಂತೆ, ಕೆಳಗೆ ಮಡಚಿದ ಕಾಗದ ಕೊಟ್ಟಿದ್ದರಂತೆ.

ಹೌದು, ಅದು ಈಗಲೂ ಅಲ್ಲಾಡುತ್ತದೆ. ನಾನು ಅದನ್ನು ಬರೆದುಕೊಂಡಿರಲಿಲ್ಲ. ಕ್ಯಾಟಲಾಗಿಗೆ ಐದನೇ ಸಾಲು ಸೇರಿಸಿದೆ: ಒಂದು ಕಂಬದ ಪಾದ ಸಮವಾಗಿಲ್ಲ.